ಗೇಣುದ್ದ ನೂಲು, ಮಾರುದ್ದ ಜ್ವರ

ಜನವರಿ ೬, ಸೋಮವಾರ

ಹೊಸ ಡೈರಿಯ ಮೊದಲ ಐದು ಪುಟ ಖಾಲಿ ಹೋದವು. ಆರನೆಯದಕ್ಕೆ ಜ್ವರ ಬಂತು, ಜೊತೆಗೆ ಬರೆಯಲು ಬಿಡುವೂ ಬಂತು.

ಊರಿನಲ್ಲಿ ಎಳ್ಳಷ್ಟೂ ಇನ್‌ಫ್ಲುಯೆನ್ಸ್ ಇಲ್ಲದ ನನಗೆ ಇನ್‌ಫ್ಲುಯೆನ್ಜಾ ಬಂದಿದೆ. ಡಾಕ್ಟರು ಮೂಗಿಗೆ ಕಡ್ಡಿ ತೂರಿಸಿ ಪರೀಕ್ಷೆ ಮಾಡಿ ಹೇಳಿದರು. ನನ್ನ ಹಾಸ್ಯಭಾಷಣ ಕೇಳಿ ಮೂಗು ಮುರಿದವರನ್ನು ಕಂಡಿದ್ದೆ, ಮೂಗಿನಲ್ಲೇ ಕಡ್ಡಿ ಆಡಿಸಿದವರನ್ನು ಇದೇ ಮೊದಲು ಕಂಡದ್ದು.

ನೂರಾ ಎರಡು ಡಿಗ್ರಿ. ಹಾಸಿಗೆ ಬೆಚ್ಚಗಿದೆ, ಗೋಡೆ ತೇಲುತ್ತಿದೆ. ಗೋಡೆಯ ಆಚೆಯಿಂದ ತಮ್ಮನ ಮಗ್ಗ ಟಕ್ ಟಕ್ ಎನ್ನುತ್ತಿದೆ. ಬೆಟಗೇರಿಯ ಈ ಓಣಿಯಲ್ಲಿ ನಮ್ಮದು ಒಂದೇ ಮನೆ, ನಡುವೆ ಒಂದು ಗೋಡೆ. ಆಚೆ ತಮ್ಮ ಕಿರಣಕುಮಾರ, ಅವನ ಹೆಂಡತಿ ಮಂಜವ್ವ, ನೆಲದ ಕುಣಿಯಲ್ಲಿ ಕಾಲಿಳಿಸಿ ತುಳಿಯುವ ಅವನ ಕುಣಿಮಗ್ಗ. ಈಚೆ ನಾನು, ನನ್ನ ಹೆಂಡತಿ ಲಕ್ಷ್ಮೀದೇವಿ, ನನ್ನ ಪುಸ್ತಕಗಳು. ಅವ್ವ ಎರಡೂ ಕಡೆಗೆ ಸೇರಿದವಳು: ಊಟ ಅಲ್ಲಿ, ಚಹಾ ಇಲ್ಲಿ, ಚಾಡಿ ಎರಡೂ ಕಡೆ.

ಅಪ್ಪ ತಮ್ಮನಿಗೆ ಮಗ್ಗ ಕಲಿಸಿದ, ನನಗೆ ಮಗ್ಗಿ ಕಲಿಸಿದ. ಹೀಗಾಗಿ ಅವನು ನೇಕಾರನಾದ, ನಾನು ಕಾಲೇಜು ಮೇಷ್ಟ್ರಾದೆ. ಅಪ್ಪ ತೀರಿಕೊಂಡ ಮೇಲೆ ಈಚೆ ಕೋಣೆಯಲ್ಲಿದ್ದ ಅವನ ಮಗ್ಗವನ್ನು ನಾನು ಚೊಕ್ಕಟ ಮಾಡಿದೆ. ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಜೋತುಬಿದ್ದಿದ್ದ ಗೇಣುದ್ದದ ಹಳೆ ನೂಲಿನ ಚಿಂದಿಯನ್ನು ಕತ್ತರಿಸಿ ಎಸೆದೆ. ಮೇಲೆ ಹಲಗೆ ಹಾಸಿ ಪುಸ್ತಕ ಜೋಡಿಸಿದೆ. ಕಿರಣ ಬಂದು ನೋಡಿದ. "ಅಣ್ಣಾ, ಏನ್ ಮಾಡಿದಿ ಇದು?" ಅಂದ. ಅದೇ ಕೊನೆಯ ಮಾತು, ಮೂರು ವರ್ಷಕ್ಕೆ ಬಂತು. ಗೇಣುದ್ದ ಚಿಂದಿಗೆ ಇಷ್ಟು ಮುನಿಸು! ತಪ್ಪು ನನ್ನದಂತೂ ಅಲ್ಲ.

ಜನವರಿ ೯, ಗುರುವಾರ

ಜ್ವರ ಇಳಿದಿದೆ. ಕೆಮ್ಮು ಕಮ್ಮಿ ಇಲ್ಲ.

ಅವ್ವ ಚಹಾ ಕುಡಿಯಲು ಬಂದು ಸುದ್ದಿ ಹೇಳಿದಳು. "ಅಂವನೂ ಮಲಗ್ಯಾನ ನೋಡಪಾ. ಮೈ ಅನ್ನೂದು ಹಂಚು ಆಗೇತಿ."

ಶುಕ್ರವಾರ ಅಪ್ಪನ ಮೂರನೇ ವರ್ಷದ ಪೂಜೆ ಇತ್ತು. ಅವ್ವನ ಹಟಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಮೊಣಕೈ ತಾಗುವಂತೆ ಕೂತೆವು. ಕಡಬು ಬಡಿಸುವಾಗ ನಾನು ಎರಡು ಸಲ ಸೀನಿದ್ದೆ. ಮೂರು ವರ್ಷದಲ್ಲಿ ನಾನು ಅವನಿಗೆ ಕೊಟ್ಟದ್ದು, ಅವನು ಮರುಮಾತಿಲ್ಲದೆ ತೆಗೆದುಕೊಂಡದ್ದು ಇದೊಂದೇ.

ಈ ಸಾಲು ಚೆನ್ನಾಗಿದೆ. ಲಕ್ಷ್ಮೇಶ್ವರದ ಭಾಷಣಕ್ಕೆ ಇಟ್ಟುಕೊಳ್ಳಬೇಕು.

ಜನವರಿ ೧೨, ಭಾನುವಾರ

ನಾನು ಪೂರ್ತಿ ಗುಣ. ಎರಡು ತಟ್ಟೆ ಗಿರಮಿಟ್ಟು ತಿಂದೆ.

ಮಗ್ಗ ಸುಮ್ಮನಾಗಿ ಐದು ದಿನ. ಮಧ್ಯಾಹ್ನ ನಿದ್ದೆ ಹತ್ತಲಿಲ್ಲ. ಆ ಸದ್ದು ಕೇಳುತ್ತಲೇ ನಾನು ಹುಟ್ಟಿದ್ದು, ಆ ಸದ್ದಿಗೇ ಮಲಗಿದ್ದು. ಈಗ ಗೋಡೆಗೆ ಕಿವಿ ಕೊಟ್ಟರೆ ಕೆಮ್ಮು, ಮತ್ತೆ ಕೆಮ್ಮು, ನಡುವೆ ಮಂಜವ್ವನ ಬಳೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲು ಪುಸ್ತಕಗಳ ಮೇಲೆ ಹಾಯ್ದು ಸಂಜೆಯ ಹೊತ್ತಿಗೆ ಗೋಡೆಯನ್ನು ಏರಿ ಹೋಯಿತು. ಅದನ್ನೇ ನೋಡುತ್ತ ಮಲಗಿದ್ದೆ. ಬೇರೇನೂ ಮಾಡಲಿಲ್ಲ.

ಜನವರಿ ೧೪, ಸಂಕ್ರಾಂತಿ

ಬೆಳಿಗ್ಗೆ ಅವ್ವ ಆಚೆ ಮನೆಯ ಕುಸುರೆಳ್ಳು ಈಚೆ ತಂದಳು. ಪ್ರತಿ ವರ್ಷ ಅವಳೇ ನಮ್ಮಿಬ್ಬರ ಅಂಚೆಯವಳು. ಇವತ್ತು ಅರ್ಧ ದಾರಿಯಲ್ಲೇ ಚೆಲ್ಲಿತ್ತು.

"ಸಿದ್ದಾ, ಅಂವನ ತುಟಿ ನೀಲಿ ಆಗ್ಯಾವು."

ಕಾರು ತಂದವನು ನಾನು. ಅವನನ್ನು ಎತ್ತಿ ಕೂರಿಸಿದವನೂ ನಾನು. ಬಹಳ ಹಗುರ ಇದ್ದಾನೆ. ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. ೮೪. ರಕ್ತದಲ್ಲಿ ಆಮ್ಲಜನಕ ತೊಂಬತ್ತೈದಾದರೂ ಇರಬೇಕಂತೆ.

ಜನವರಿ ೧೭, ಶುಕ್ರವಾರ

ಕಿರಣನ ಮಗಳು ನೇತ್ರಾ ಧಾರವಾಡದಿಂದ ಬಂದಿದ್ದಾಳೆ. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ. ಆಸ್ಪತ್ರೆಯ ಮೂರನೇ ಮಹಡಿಯ ಬೆಂಚಿನ ಮೇಲೆ ನಾನು, ಅವಳು, ಅವ್ವ.

"ಒಂದ ಪಂಕ್ತಿ, ಒಂದ ವೈರಸ್ಸು," ಅಂದೆ. "ವಾರದಾಗ ನಾನು ಗಿರಮಿಟ್ಟು ತಿಂದೆ. ನನಗಿಂತ ಆರು ವರ್ಷ ಸಣ್ಣಾಂವ ಇಲ್ಲಿ ಆಕ್ಸಿಜನ್ ತಿನ್ನಾಕತ್ಯಾನ. ಇದ್ಯಾವ ನ್ಯಾಯ?"

"ವೈರಸ್ಸಿನ ಜೋರು ಮುಗದೈತಿ ದೊಡ್ಡಪ್ಪಾ, ಡಾಕ್ಟರೂ ಅದನ್ನ ಹೇಳಿದ್ರು. ಈಗ ಅಪ್ಪಾಜಿ ಪುಪ್ಪುಸದಾಗ ಉರಿಯಾಕತ್ತಿದ್ದು ನಮ್ಮ ಮೈಯ ಬೆಂಕಿನ."

"ನಮ್ಮ ಬೆಂಕಿ ನಮಗ್ಯಾಕ ಉರೀತೈತಿ?"

"ಅದೂ ಬೇಕು. ವೈರಸ್ಸು ಹೊಕ್ಕ ಕೂಡ್ಲೆ ಮೈಯಾಗಿನ ಕೆಲವು ಕಿಣ್ವ, ಎನ್ಜೈಮ್ ಅಂತಾರಲ್ರಿ, ಅವು ಕೊಬ್ಬಿನ ಎಳಿ ತಗೊಂಡು ಉರಿ ಎಬ್ಬಿಸೋ ಸರಕು ಮಾಡ್ತಾವು. ಜ್ವರ, ಬಾವು, ನೋವು ಎಲ್ಲಾ ಅದರಿಂದನ. ಕೆಲಸ ಮುಗಿಯೂ ಹೊತ್ತಿಗೆ ಅವುಗಳ ಪೈಕಿ ಕೆಲವು ದಿಕ್ಕು ಬದಲಿಸಿ ಹೊಳ್ಳಿ ನಿಂತು, ಅಂಥಾವ ಎಳಿಯಿಂದ ಉರಿ ಆರಿಸೋ ಸರಕು ಮಾಡಾಕ ಚಾಲೂ ಮಾಡಬೇಕು. 'ಯುದ್ಧ ಮುಗೀತು, ಕಸ ಬಳೀರಿ, ಮನಿಗೆ ಹೋಗ್ರಿ' ಅಂತ ಸುದ್ದಿ ಮುಟ್ಟಿಸೋ ಸರಕು. ನಿಮ್ಮೊಳಗ ಅವು ವ್ಯಾಳ್ಯಾಕ್ಕ ಹೊಳ್ಳಿದ್ವು ಅಂತ ಕಾಣಸ್ತೈತಿ. ಅಪ್ಪಾಜಿಯೊಳಗ ಹೊಳ್ಳವಲ್ವು."

"ಯಾಕ?"

"ಪೂರ್ತಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷದ ನೂಲಿನ ಧೂಳು ಇರಬೌದು. ಇರಲಿಕ್ಕೂ ಇಲ್ಲ. ಉರಿ ತಗ್ಗಿಸಾಕ ಔಷಧ ಕೊಡಾಕತ್ಯಾರ."

ಅವ್ವ ಸೆರಗಿನ ತುದಿ ಸುತ್ತುತ್ತ ಕೇಳಿಸಿಕೊಂಡಳು. "ಬೆಂಕಿ ಅಂದಮ್ಯಾಲ ತಾನ ಆರತೈತಿ ಬಿಡವಾ. ಕಟಿಗಿ ಮುಗದ್ರ ಏನ ಉರೀತೈತಿ?"

"ಇಲ್ಲ ಆಯಿ, ಆರಿಸೋದೂ ಒಂದು ಕೆಲಸ. ಯಾರರ ಕುಂತು ಮಾಡಬೇಕು."

ನಾನು ಹೇಳಿದೆ: "ಹಂಗಾರ ಕಿರಣನ ಕಿಣ್ವ ಮುಷ್ಕರಕ್ಕ ಕುಂತಾವ ಅನ್ನು." ನೇತ್ರಾ ನಗಲಿಲ್ಲ. ಅವ್ವನೂ ನಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ಇಷ್ಟು ಪೂರ್ಣವಾಗಿ ಬಿದ್ದುಹೋದ ಮಾತು ಇನ್ನೊಂದಿಲ್ಲ.

ಜನವರಿ ೨೦, ಸೋಮವಾರ

ಮಂಜವ್ವ ಮನೆಗೆ ಹೋಗಿ ಬರಲಿ ಎಂದು ಮಧ್ಯಾಹ್ನ ನಾನು ಕೂತಿದ್ದೆ. ಕಿಟಕಿಯಲ್ಲಿ ದೂರದ ಕಪ್ಪತಗುಡ್ಡ, ಅದರ ಮೇಲೆ ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು. ಅವು ತಿರುಗಿದಾಗೊಮ್ಮೆ ಕಿರಣನ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅಥವಾ ನನಗೆ ಹಾಗೆ ಕಂಡಿತು. ಒಂದು ನಿಂತರೆ ಇನ್ನೊಂದೂ ನಿಂತೀತು ಎಂದು ರೆಪ್ಪೆ ಮಿಟುಕಿಸದೆ ಗುಡ್ಡವನ್ನು ನೋಡುತ್ತ ಕೂತೆ. ಹಾಗೇ ಜೊಂಪು ಹತ್ತಿತು.

ನಾನು ಒಂದು ಕುಣಿಯೊಳಗೆ ಇಳಿಯುತ್ತಿದ್ದೆ. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಪೂರ್ತಿ. ಒಳಗೆ ಕೆಂಪು ಬೆಳಕು. ಸಾಲುಸಾಲು ಮಗ್ಗಗಳು, ಒಂದೊಂದರ ಮುಂದೆಯೂ ಬೆವೆತ ಮನುಷ್ಯ, ಎಲ್ಲರ ಲಾಳಿಯಲ್ಲೂ ಕೆಂಡದ ಬಣ್ಣದ ನೂಲು. ನೇಯ್ದ ಬಟ್ಟೆ ಮೊಣಕಾಲುದ್ದ ಬಿದ್ದಿದೆ, ಉಸಿರಾಡಲು ಜಾಗವಿಲ್ಲ, ಆದರೂ ನೇಯುತ್ತಲೇ ಇದ್ದಾರೆ. "ಸಾಕ್ರೋ, ವೈರಿ ಹೋಗ್ಯಾನ" ಎಂದು ಕೂಗಿದೆ. ನನ್ನ ದನಿ ಮೈಕಿಲ್ಲದ ಸಭೆಯಂತೆ ಯಾರಿಗೂ ಮುಟ್ಟಲಿಲ್ಲ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಬಿಳಿಯ ಹಾಸಿನ, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳ, ಸುರುಳಿ. ತಂಪಾಗಿತ್ತು ಅದು, ದೂರದಿಂದಲೇ ತಂಪು ಬಡಿಯುತ್ತಿತ್ತು.

"ಒಳಗ ಬಾರಪಾ," ಅಂದೆ.

"ಬಂದೇನು. ಈ ಎಳಿ ಎದಕ್ಕ ಕೆಚ್ಚಿ ಗಂಟು ಹಾಕಲಿ ಸಿದ್ದಾ? ಹಿಂದಿನ ತುದಿನ ಇಲ್ಲಲ್ಲೋ."

ಎಚ್ಚರವಾದಾಗ ನರ್ಸು ಬೆರಳಿನ ಆಕ್ಸಿಮೀಟರ್ ಸರಿಪಡಿಸುತ್ತಿದ್ದಳು. ೮೯. ಕನಸು ಮಧ್ಯಾಹ್ನದ ಮಿರ್ಚಿ ಭಜಿಯ ಪ್ರಭಾವ ಇರಬೇಕು. ಅಂಗಡಿ ಬದಲಿಸಬೇಕು.

ಜನವರಿ ೨೫, ಶನಿವಾರ

ಮನೆಗೆ ಕರೆತಂದೆವು. ೯೧. ಹೊಸ್ತಿಲು ದಾಟುವುದಕ್ಕೆ ಮೂರು ಸಲ ನಿಂತ. ಡಾಕ್ಟರು ಆದಷ್ಟು ಕಡಿಮೆ ಮಾತಾಡಲು ಹೇಳಿದ್ದಾರೆ. ಮೂರು ವರ್ಷ ಸಿಟ್ಟಿನ ಮೇಲೆ ನಾವು ಮಾತಾಡಲಿಲ್ಲ, ಇನ್ನು ಮುಂದೆ ವೈದ್ಯರ ಸಲಹೆಯ ಮೇಲೆ ಮಾತಾಡುವುದಿಲ್ಲ. ನಮ್ಮ ಮೌನಕ್ಕೆ ಈಗ ಚೀಟಿ ಇದೆ.

ಮಂಜವ್ವ ಶಾಲೆಯ ಬಿಸಿಯೂಟದ ಕೆಲಸಕ್ಕೆ ಹೋಗಲೇಬೇಕು, ನೇತ್ರಾಗೆ ಪರೀಕ್ಷೆ. ಕಾಲೇಜು ಮುಗಿಸಿ ಮಧ್ಯಾಹ್ನ ನಾನು ಕೂರುತ್ತೇನೆ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಫೆಬ್ರವರಿ ೨, ಭಾನುವಾರ

೯೧. ೯೨. ೯೧. ೯೧.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ನಾನು ಉತ್ತರಪತ್ರಿಕೆ ತಿದ್ದುತ್ತೇನೆ. ಬಿಸಿಲಿನಲ್ಲಿ ನೂಲಿನ ಎಳೆಚೂರು ತೇಲುತ್ತದೆ, ನಿಧಾನಕ್ಕೆ, ನೀರಿನಲ್ಲಿ ಮೀನಿನ ಮರಿಗಳಂತೆ. ಅವನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಮಂಜವ್ವ ಬಿಳಿ ಅರಿವೆ ಹೊದಿಸಿದ್ದಾಳೆ. ಅವನು ಆ ಕಡೆ ನೋಡುವುದಿಲ್ಲ.

ಇಂದು ಅವ್ವ ಕಷಾಯ ತಂದಳು. ಮೆಣಸು, ಶುಂಠಿ, ಅರಿಶಿಣ, ಮತ್ತೇನೋ ಬೇರು. ಭಾನುವಾರದ ರಜೆಗೆ ಬಂದಿದ್ದ ನೇತ್ರಾ ತಡೆದಳು.

"ಆಯಿ, ಡಾಕ್ಟರನ್ನ ಕೇಳೀರೇನು?"

"ನಿಮ್ಮ ಡಾಕ್ಟರ್ ಹುಟ್ಟೂಕಿಂತ ಮೊದಲ ನಾ ಇವನ ಕೆಮ್ಮು ಕೇಳೇನಿ. ಸರಿ ಅತ್ತಾಗ."

ಕಿರಣ ಕುಡಿದು ಮುಖ ಹಿಂಡಿದ. ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಅವನ ಪಾಲಿನ ಕಷಾಯವನ್ನು ನಾನು ತುಳಸಿಗೆ ಸುರಿದುಬಂದು, ಕುಡಿದ ಎಂದು ಅವ್ವನಿಗೆ ಹೇಳುತ್ತಿದ್ದೆ. ಆ ತುಳಸಿ ಬಹಳ ಆರೋಗ್ಯವಾಗಿತ್ತು. ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವ್ವ ಬೆನ್ನು ತಿರುಗಿಸಿದಾಗ ನಾನೇ ಕುಡಿದುಬಿಟ್ಟೆ. ಗಂಟಲು ಇನ್ನೂ ಉರಿಯುತ್ತಿದೆ.

ಫೆಬ್ರವರಿ ೮, ಶನಿವಾರ

ನಾನು ಬರುವಷ್ಟರಲ್ಲಿ ಅವನು ಮಗ್ಗದ ಕುಣಿಯಲ್ಲಿ ಇಳಿದು ಕೂತಿದ್ದ. ತಡೆಯಲಿಲ್ಲ. ತಡೆಯಲು ನಾನು ಯಾರು? ಕಾಲಡಿಯ ಹಲಗೆ ಒತ್ತಿದ, ಲಾಳಿ ಎಸೆದ. ಟಕ್. ಇನ್ನೊಮ್ಮೆ. ಟಕ್. ಆ ಸದ್ದಿಗೆ ಅಡುಗೆಮನೆಯಿಂದ ಅವ್ವ ಓಡಿಬಂದು ಬಾಗಿಲು ಹಿಡಿದು ನಿಂತಳು. ಒಂಬತ್ತು ಸಲ ಎಣಿಸಿದೆ. ಹತ್ತನೆಯದಕ್ಕೆ ಹಣಿಗೆಯ ಮೇಲೆ ಹಣೆ ಇಟ್ಟುಬಿಟ್ಟ.

೮೫.

ಮೇಲೆತ್ತಿ ಹಾಸಿಗೆಗೆ ತಂದೆ. ಅವನ ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು, ಒರೆಸಿಕೊಳ್ಳಲೂ ತ್ರಾಣವಿಲ್ಲ. ನಾನು ಒರೆಸಿದೆ.

ಮತ್ತೆ ಆಸ್ಪತ್ರೆ. ಡಾಕ್ಟರು ಬೈದರು. ಎದೆಯೊಳಗಿನ ಊತ ಅರ್ಧ ಇಳಿದಿದೆಯಂತೆ. ಉಳಿದರ್ಧಕ್ಕೆ ಎಷ್ಟು ದಿನ ಎಂದು ಮಂಜವ್ವ ಕೇಳಿದಳು. ವಾರ ಇರಬಹುದು, ತಿಂಗಳು ಇರಬಹುದು, ಕೆಲವರಿಗೆ ಮೊದಲಿನ ಉಸಿರು ಪೂರ್ತಿ ಬರುವುದೂ ಇಲ್ಲ ಅಂದರು. ಕೂತು ಮಾಡುವ ಹಗುರ ಕೆಲಸ ನಡೆದೀತು, ಮಗ್ಗ ತುಳಿಯುವುದು ಸದ್ಯಕ್ಕೆ ಸುತರಾಂ ಬೇಡ.

 

ಫೆಬ್ರವರಿ ೧೩, ಗುರುವಾರ

ಮಧ್ಯಾಹ್ನ ಮೂರು ಗಂಟೆ. ಹತ್ತನೆಯ ಉತ್ತರಪತ್ರಿಕೆಯಲ್ಲಿದ್ದೆ.

"ಅಪ್ಪನ ಮಗ್ಗದ ಮ್ಯಾಲಿಂದ ನಿನ್ನ ಬುಕ್ಕು ತಗಿ."

ತಲೆ ಎತ್ತಿ ನೋಡಿದೆ. ಕಿರಣನೇ. ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ್ದ. ಮೂರು ವರ್ಷದ ನಂತರದ ಮೊದಲ ಮಾತು, ಅದರಲ್ಲಿ ನನ್ನ ಹೆಸರಿಲ್ಲ, ಅಣ್ಣ ಅನ್ನುವುದೂ ಇಲ್ಲ. "ಆತು," ಅಂದೆ.

ಸಂಜೆ ಪುಸ್ತಕ ಇಳಿಸಿದೆ. ನಾಲ್ಕು ನೂರಾ ಹನ್ನೆರಡು. ನೆಲದ ಮೇಲೆ ಪೇರಿಸಿದ್ದೇನೆ. ಲಕ್ಷ್ಮೀದೇವಿ ನಡೆಯಲು ದಾರಿ ಇಲ್ಲ ಎಂದು ಗೊಣಗಿದಳು, ಆಮೇಲೆ ತಾನೇ ಸೆರಗು ಸಿಕ್ಕಿಸಿ ಮಗ್ಗದ ಧೂಳು ಒರೆಸಲು ಕೂತಳು.

ಫೆಬ್ರವರಿ ೧೬, ಭಾನುವಾರ

೯೨.

ಅಪ್ಪನ ಮಗ್ಗದ ಮುಂದೆ ಅವನು ಒಂದು ಮಣೆ, ನಾನು ಒಂದು ಮಣೆ. ನಡುವೆ ಹಣಿಗೆ, ಅದರ ಹಿಂದೆ ತೂಗುವ ದಾರದ ಸಾವಿರಾರು ಕುಣಿಕೆಗಳು. ಹೊಸ ಹಾಸಿನ ಒಂದೊಂದು ಎಳೆಯನ್ನೂ ನಾನು ಆ ಕಡೆಯಿಂದ ಕೊಡಬೇಕು, ಅವನು ಈ ಕಡೆಯಿಂದ ಕೊಕ್ಕೆ ತೂರಿಸಿ ಒಂದು ಕುಣಿಕೆಯಲ್ಲಿ ಎಳೆದುಕೊಂಡು ಹಣಿಗೆಯ ಸಂದಿಗೆ ಹಾಯಿಸಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಮೂರು ಸಾವಿರದ ಚಿಲ್ಲರೆ ಎಳೆ. ಇಂದು ಎಪ್ಪತ್ತು ಆದವು.

"ಪ್ರತಿ ಸೀರಿಗೂ ಹಿಂಗ ಮಾಡ್ತೀರೇನೋ?" ಎಂದು ಕೇಳಿದೆ. ನೇಕಾರರ ಮಗ ನಾನು, ಐವತ್ತು ವರ್ಷ, ಕೇಳುವ ಪ್ರಶ್ನೆ ಇದು.

"ಇಲ್ಲ." ಉಸಿರು ತೆಗೆದುಕೊಂಡ. "ಒಂದು ಹಾಸು ಮುಗದ ಮ್ಯಾಲ... ಗೇಣುದ್ದ ಬಾಲ ಬಿಡ್ತೀವಿ. ಹಣಿಗ್ಯಾಗ. ಹೊಸಾ ಹಾಸಿನ ಎಳಿ... ಅದಕ್ಕ ಕೆಚ್ಚಿದ್ರ ಮುಗೀತು. ತಾನ ಹಾದು ಬರತೈತಿ."

"ಮತ್ತ ಈ ಮಗ್ಗಕ್ಕ..."

"ಇದಕ್ಕ ಅಪ್ಪ ಹಾಯಿಸಿದ್ದು. ನಾ ಹುಟ್ಟಿದ ವರ್ಷ. ಅವತ್ತಿನಿಂದ... ಕೆಚ್ಚಿಗೋತನ ಬಂದಿದ್ದ. ಒಮ್ಮೆನೂ ತುದಿ ಕಡದಿರಲಿಲ್ಲ."

ಕೊಕ್ಕೆ ಚಾಚಿ ಕಾದ. ನಾನು ಎಳೆ ಕೊಡುವುದನ್ನು ಮರೆತಿದ್ದೆ.

"ಕೊಡು," ಅಂದ.

ಕೊಟ್ಟೆ.

ಫೆಬ್ರವರಿ ೨೩, ಭಾನುವಾರ

೯೩. ಎಂಟು ನೂರು ಎಳೆ ದಾಟಿದವು.

ನೇತ್ರಾ ಫೋನಿನಲ್ಲಿ ಕೇಳಿದಳು: "ಅಪ್ಪಾಜಿ ಹೆಂಗದಾರ ದೊಡ್ಡಪ್ಪಾ? ಉರಿ ಆರಾಕತ್ತೈತೇನು?"

ಏನು ಹೇಳಲಿ? ಇಲ್ಲಿ ದಿನಾ ಒಂದೇ ರೀತಿ ಇರುತ್ತದೆ. ಬಿಸಿಲು ಬರುತ್ತದೆ, ಎಳೆ ಹೋಗುತ್ತದೆ, ನಡುವೆ ಅವನು ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಾನೆ. ನಾನೂ ಕಾಯುತ್ತೇನೆ. ಆ ಹೊತ್ತಿನಲ್ಲಿ ಅವನ ಎದೆಯೊಳಗೆ ಅವಳು ಹೇಳಿದ ಆ ಕೆಲಸಗಾರರು ತಮ್ಮ ಪಾಡಿಗೆ ತಾವು ಬಿಳಿ ನೂಲು ಹಿಡಿದು ಕೂತಿರಬೇಕು. ಸದ್ದು ಕೇಳುವುದಿಲ್ಲ ಅಷ್ಟೇ.

"ಕುಂತು ಮಾಡಾಕತ್ಯಾರವ್ವಾ," ಅಂದೆ. ಅವಳಿಗೆ ತಿಳಿಯಿತೋ ಇಲ್ಲವೋ.

ಫೆಬ್ರವರಿ ೨೭, ಗುರುವಾರ

"ಅವತ್ತ ತುದಿ ಕಡಿಯೂ ಮೊದಲ ಯಾಕ ಕೇಳಲಿಲ್ಲ ನೀ?" ಎಂದ. ಮುಖ ಕಾಣುತ್ತಿರಲಿಲ್ಲ, ನಡುವೆ ಕುಣಿಕೆಗಳ ಪರದೆ.

"ಚಿಂದಿ ಅನಕೊಂಡೆ."

"ಅದಕ್ಕಲ್ಲೋ. ಗೋಡಿ ಆಚೆನ ಇದ್ನಲ್ಲ. ಒಂದು ಕೂಗು ಹಾಕಿದ್ರ ಬರ್ತಿದ್ನಿ."

ವೇದಿಕೆಯ ಮೇಲೆ ಇಂಥ ಹೊತ್ತಿನಲ್ಲಿ ಏನಾದರೊಂದು ಥಟ್ಟನೆ ಹೊಳೆಯುತ್ತದೆ. ಹೊಳೆಯಲಿಲ್ಲ.

"ತಪ್ಪಾತು ಕಿರಣಾ."

ಎರಡು ಕುಣಿಕೆಗಳ ನಡುವೆ ಕೊಕ್ಕೆಯ ತುದಿ ಕಾಣಿಸಿತು.

"ಎಳಿ ಸಡ್ಲ ಹಿಡದಿ ಅಣ್ಣಾ. ಬಿಗಿ ಹಿಡಿ."

ಮಾರ್ಚ್ ೫, ಬುಧವಾರ

೯೪. ಎರಡು ಸಾವಿರ.

ಲಕ್ಷ್ಮೇಶ್ವರದವರು ಫೋನು ಮಾಡಿದ್ದರು. ಭಾನುವಾರದ ಭಾಷಣಕ್ಕೆ ಬರಲಾಗುವುದಿಲ್ಲ ಅಂದೆ. ಯಾಕೆ ಸರ್, ಅರಾಮಿಲ್ಲೇನು ಅಂದರು. ಕೆಲಸ ಐತ್ರಿ, ಅಂದೆ.

ಮಾರ್ಚ್ ೧೪, ಶುಕ್ರವಾರ

ಕೊನೆಯ ಎಳೆ. ಅವ್ವನ ಕೈಯಿಂದ ಕೊಡಿಸಿದೆವು.

ಮಾರ್ಚ್ ೨೩, ಭಾನುವಾರ

ಮಗ್ಗ ತುಳಿಯಲು ಡಾಕ್ಟರು ಮೊನ್ನೆ ಅನುಮತಿ ಕೊಟ್ಟರು. ದಿನಕ್ಕೆ ಹತ್ತು ನಿಮಿಷ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಸಂಖ್ಯೆ ನೋಡುತ್ತ, ತೊಂಬತ್ತಕ್ಕಿಂತ ಇಳಿದರೆ ತಕ್ಷಣ ನಿಲ್ಲಿಸಿ. ನಾನು ಎಲ್ಲ ಬರೆದುಕೊಂಡು ಬಂದಿದ್ದೆ. ಮಾತು ಪೂರ್ತಿ ಬರುತ್ತದೆ ಈಗ, ಮೆಟ್ಟಿಲು ಹತ್ತಿದರೆ ಮಾತ್ರ ತೇಕುತ್ತಾನೆ. ಅದು ಹಾಗೇ ಉಳಿದರೂ ಉಳಿಯಬಹುದಂತೆ.

ಅಪ್ಪನ ಮಗ್ಗದಲ್ಲೇ ಕೂತ. ಕುಣಿಯೊಳಗೆ ಕಾಲು ಬಿಟ್ಟ. "ಅಣ್ಣಾ, ಸರಿ ಅತ್ತಾಗ, ಬೆಳಕಿಗೆ ಅಡ್ಡ ನಿಂತಿ," ಅಂದ. ನಾನು ಪುಸ್ತಕಗಳ ರಾಶಿಗೆ ಒರಗಿ ನೆಲದ ಮೇಲೆ ಕೂತೆ.

ಟಕ್.

ಬಿಳಿ ಹೊಕ್ಕು, ಲಾಳಿ ಅಡ್ಡಕ್ಕೆ ಹಾಯಿಸುವ ನೂಲು. ಮೂರು ಸಾವಿರದ ಚಿಲ್ಲರೆ ಎಳೆ ಒಮ್ಮೆಗೇ ತೆರೆದು, ಒಮ್ಮೆಗೇ ಮುಚ್ಚಿದವು. ಟಕ್. ನಿಲ್ಲುತ್ತಾನೆ, ಉಸಿರು ತೆಗೆದುಕೊಳ್ಳುತ್ತಾನೆ, ಟಕ್. ಅಪ್ಪನ ಲಯವಲ್ಲ ಅದು, ಕಿರಣನ ಹಳೆಯ ಲಯವೂ ಅಲ್ಲ. ನಿಧಾನಕ್ಕೆ, ಗುಡ್ಡದ ಮೇಲಿನ ಗಾಳಿಯಂತ್ರದ ಹಾಗೆ. ಬಿಸಿಲಿನ ಕೋಲು ಹಣಿಗೆಯ ಮೇಲೆ ಬಿದ್ದಿತ್ತು. ಅವ್ವ ಹೊಸ್ತಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ನನಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ.

ಎದ್ದಾಗ ಬಿಸಿಲು ಗೋಡೆ ಏರಿತ್ತು. ಕಿರಣ ಮಗ್ಗದ ಪಕ್ಕ ಗೋಡೆಗೊರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಹಣಿಗೆಯ ಮುಂದೆ ಗೇಣುದ್ದ ಬಟ್ಟೆ.

ಆಕ್ಸಿಮೀಟರ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೊಡಿಸುವುದನ್ನು ಇಬ್ಬರೂ ಮರೆತಿದ್ದೆವು.